ಜಮಾ ಆಗಿಲ್ಲ

ರಜಿಸ್ಟರಿಗೆ ನಾಲ್ಕು ಖಾನೆ ಹಾಕೀನಿ:
ಹೆಸರು, ಸಾಮಾನು, ಒಯ್ದ ತಾರೀಖು, ಜಮಾ.
ಸೋಲಾಪುರದ ಈ ಯೂನಿವರ್ಸಿಟಿಯೊಳಗ
ಅವರು ಮೇಕರ್‌ಸ್ಪೇಸ್ ಅಂತಾರ, ನಾ ಶೆಡ್ ಅಂತೀನಿ.
ಮ್ಯಾಲ ತಗಡು ಐತಿ, ಒಳಗ ಎಣ್ಣಿ ವಾಸನಿ ಐತಿ,
ಮತ್ತೇನು ಬೇಕು ಶೆಡ್ ಅನ್ನಾಕ?

ಇಪ್ಪತ್ತಾರು ವರ್ಷ ಚಾದರದ ಕಾರಖಾನ್ಯಾಗ ಜಾಬರ್ ಇದ್ದೆ.
ಮುಚ್ಚಿತು. ಮಗ್ಗ ಭಂಗಾರದ ಟೆಂಪೋ ಹತ್ತಿದವು
ಕೆಜಿ ಲೆಕ್ಕದಾಗ.
ನಾ ತೂಕಕ್ಕ ಬರಲಿಲ್ಲ. ಇಲ್ಲಿ ಬಂದೆ,
ಪಾನಾ, ಪಕ್ಕಡ, ಸೋಲ್ಡರಿನ ಕಡ್ಡಿ ಎಣಸಾಕ.

ಹುಡುಗರು ಒಳ್ಳೇವ್ರು. ಮರೀತಾರ, ಅಷ್ಟ.
ಅಂಬಾದಾಸ ಗುಂಡ್ಲ, ಮೂವತ್ತೆರಡು ನಂಬರ ಪಾನಾ,
ದೀಪಾವಳಿ ಮುಂದ ಒಯ್ದದ್ದು.
ಇಲಾಹಿ ಬಾಗವಾನ, ಗ್ಲೂ ಗನ್ನು;
ದ್ರಾಕ್ಷಿ ಒಣಗಿಸೋ ಪೆಟ್ಟಿಗಿ ಮಾಡ್ತೀನಂತ ಹೋದಾವ
ಪೆಟ್ಟಿಗಿ ತಂದ, ಒಂದು ಬೊಗಸಿ ಮಣೂಕ ತಂದ,
ಗನ್ನು ತರಲಿಲ್ಲ.
ಗಾಜಿನ ಗ್ವಾಡಿ ಆಚಿ ಬಾಡಿಗಿ ಮೇಜು,
ತಿಂಗಳಿಗೆ ಮುನ್ನೂರು, ಚಾ ಬ್ಯಾರೆ.
ಅಲ್ಲಿ ಕುಂತವರಿಗೆಲ್ಲಾ ಒಂದೊಂದು ಕಂಪನಿ ಐತಿ,
ಕೆಲವು ಕಂಪನಿಗೆ ಹೆಸರಷ್ಟ ಐತಿ.

ಸುಗಲಾ ಬಿರಾಜದಾರ, ಮೈಂದರ್ಗಿಯಾಕಿ.
ಮೈಕು ಎರಡು, ವೈರು ಒಂದು ಸುರುಳಿ.
"ಕಾಕಾ, ಹಾಸಿನ ಎಳಿ ಹರದ ಕೂಡಲೇ
ಮಗ್ಗ ತಾನಾಗೇ ನಿಲ್ಲಬೇಕು, ಅಂಥಾದ್ದೊಂದು ಡಬ್ಬಿ.
ದೊಡ್ಡ ಮಗ್ಗಕ್ಕ ಸಿಗತಾವ, ಲಕ್ಷಗಟ್ಟಲೆ.
ನಾಕು ಮಗ್ಗದ ಮನಿಯವರಿಗೆ ಯಾರು ಮಾಡ್ತಾರ?"

ಮೂರು ವಾರ ಆ ಡಬ್ಬಿ ಎಲ್ಲಕ್ಕೂ ಕೂಗಿತು:
ಕೆಮ್ಮಿದರ ಕೂಗಿತು, ಬಾಗಿಲಾ ಬಡದರ ಕೂಗಿತು,
ಪಂಖಾ ತಿರಗೂದಕ್ಕ ಇಡೀ ಮಧ್ಯಾಹ್ನ ಕೂಗಿತಂತ.
ನನಗ ಗೊತ್ತಾಗಿದ್ದು ಹುಡುಗರು ಕಿವಿ ಮುಚಕೊಂಡಾಗ.

ಒಂದಿನ ಕೇಳಿದ್ಲು, ನಾ ತುಟಿ ನೋಡಿ ತಿಳಕೊಂಡೆ:
"ಎಳಿ ಹರದದ್ದು ನಿಮಗ ಹೆಂಗ ಕೇಳತಿತ್ತು?"
ಕೇಳತಿರಲಿಲ್ಲವ್ವಾ, ಅಂದೆ.
ಕಿವಿ ಎರಡೂ ಹತ್ತನೇ ವರ್ಷಕ್ಕ ಕಾರಖಾನಿಗೆ ಕೊಟ್ಟಿದ್ದೆ.
ನನಗ ಪ್ರಶ್ನಿ ತಿಳೀಲಿಲ್ಲಂತ ಇನ್ನೊಮ್ಮೆ ಕೇಳಿದ್ಲು,
ತುಟಿ ದೊಡ್ಡದು ಮಾಡಿ.

ಚಪ್ಪಲಿ ಬಿಟ್ಟೆ. ಅಂಗಾಲು ತೋರಿಸಿದೆ.
ನಲವತ್ತು ಮಗ್ಗ ಕೂಡಿ ನೆಲಾ ಕುಟ್ಟತಿದ್ದವು.
ಹರದ ಎಳಿ ಪಕ್ಕದ ಎಳಿಗೆ ತೊಡರಿಕೊಂಡರ
ಲಾಳಿ ಒಂದು ಚೂರು ತಡವರಸತೈತಿ,
ಮಾಳಿಗಿ ಮ್ಯಾಲ ಕುಂಟಾವ ನಡದಂಗ.
ಅದು ಹಿಮ್ಮಡಕ್ಕ ಬಂದು ಹತ್ತತಿತ್ತು.
ಚಪ್ಪಲಿ ಹಾಕ್ಕೊಂಡ ಜಾಬರಗ ಜಾಬರ್ ಅಂತಿರಲಿಲ್ಲ ನಾವು.

ಆಕಿ ನಗಲಿಲ್ಲ.
ಮೈಕು ಎರಡೂ ಅವತ್ತೇ ಜಮಾ.
ಮರುದಿನ ಒಯ್ದದ್ದು: ಪೈಜೋ ಬಿಲ್ಲಿ ಆರು,
ಎಂಟಾಣೆಯಷ್ಟು ಅಗಲ.

ಅಂಬಾದಾಸನ ಮನ್ಯಾಗ ಹಚ್ಚಿ ನೋಡಿದಿವಿ.
ಅವರಪ್ಪ ತೆಲುಗಿನ್ಯಾಗ ಬೈದ, ನಾ ಕನ್ನಡದಾಗ ಬೈದೆ,
ಮಗ್ಗ ಇಬ್ಬರದೂ ಕೇಳಲಿಲ್ಲ.
ಬಿಲ್ಲಿ ಕಾಲಿಗೆ ಅಂಟಿಸಿ ಹತ್ತು ಸಲ ಎಳಿ ಕಡದಿವಿ.
ಏಳು ಸಲ ನಿಂತಿತು.
ಮೂರು ಸಲ ಬಟ್ಟಿ ಕೆಟ್ಟಿತು, ಅದರ ರೊಕ್ಕಾ ಸುಗಲಾ ಕೊಟ್ಟಳು.
ಬಗ್ಗಿ ನೋಡತೀನಿ, ಹಾಸಿನ ಬಿಗಿ ಸಾಲದಂತ
ಭಾರಕ್ಕ ಏನೋ ಕಟ್ಟಿ ತೂಗಬಿಟ್ಟಾರ:
ನನ್ನ ಮೂವತ್ತೆರಡು ನಂಬರ ಪಾನಾ.
ಅಂಬಾದಾಸ ಛತ್ತಿನ ಕಡೆ ನೋಡಿದ.

ಪುಣೆದಿಂದ ನಾಕು ಮಂದಿ ಬಂದಿದ್ರು, ರೊಕ್ಕಾ ಹಾಕವರು.
ಚಾದ ಟ್ರೇ ಹಿಡಕೊಂಡು ನಾ ಹಿಂದ ನಿಂತಿದ್ದೆ.
ಒಬ್ಬಾವ ಏನೋ ಕೇಳಿದ,
ಸುಗಲಾ ನನ್ನ ಕಾಲು ನೋಡಿದ್ಲು,
ನಾಕೂ ಮಂದಿ ನನ್ನ ಕಾಲು ನೋಡಿದ್ರು.
ಉಗರು ತಗೊಂಡಿರಲಿಲ್ಲ.
ರೊಕ್ಕಾ ಹಾಕಲಿಲ್ಲ ಅವರು. ಯೂನಿವರ್ಸಿಟಿ
ಆರು ತಿಂಗಳ ಮೇಜು ಪುಕ್ಕಟೆ ಕೊಟ್ಟಿತು, ಗ್ವಾಡಿ ಆಚಿ.
ಆಕಿ ಕುರ್ಚಿ ಮಾತ್ರ ಈಚಿ ಎಳಕೊಂಡು ಕುಂಡ್ರತಾಳ.

ಮಾರ್ಚಿನ್ಯಾಗ ಆಡಿಟ್ ಸಾಹೇಬ ಬಂದ.
"ಇದು ಯಾವ ಲಿಪಿ? ಮರಾಠಿಯೊಳಗ ಬರೀಬೇಕು."
ಬರೀತೀನ್ರಿ, ಅಂದೆ.
ಬೆರಳು ಓಡಿಸಿ ಖಾಲಿ ಖಾನೆ ಹಿಡದ:
"ಪಾನಾ, ಮೂವತ್ತೆರಡು. ಐದು ತಿಂಗಳಾತು. ಕಳೀತೇನು?"

ಇಲ್ರಿ ಸಾಹೇಬ್ರ.
ಕೆಲಸಕ್ಕ ಹೋಗೇತಿ.